ಪಿ.ಟಿ. ಮೇಷ್ಟ್ರ ಪ್ಲಸ್ಸು

ನಮ್ಮೂರ ಬ್ಯಾಸ್ಕೆಟ್‌ಬಾಲ್ ತಂಡದವರು ನನ್ನನ್ನು ಕರೆದದ್ದು ಸಂಖ್ಯಾಶಾಸ್ತ್ರದ ಮೇಲೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿ ಅಲ್ಲ. ಒಬ್ಬ ಹಿರಿಯರಿಗೆ "ಇನ್ನು ನೀವು ಕೂತ್ಕೊಳ್ಳಿ ಸಾ" ಎಂದು ಹೇಳಬೇಕಾಗಿತ್ತು. ಮೀಸೆ ಹೊತ್ತ ಅಷ್ಟೂ ಗಂಡಸರಲ್ಲಿ ಒಬ್ಬನಿಗೂ ಅದನ್ನು ಹೇಳುವ ಧೈರ್ಯವಿರಲಿಲ್ಲ. ಆ ಮಾತನ್ನು ನನ್ನ ಲ್ಯಾಪ್‌ಟಾಪಿನ ಬಾಯಿಂದ ಹೇಳಿಸಿ ತಾವು ಒಳ್ಳೆಯವರಾಗಿ ಉಳಿಯೋಣ ಎಂದು ಕರೆದರು. ತಂಡದ ಕ್ಯಾಪ್ಟನ್ನು ನಮ್ಮ ಮನೆಯವರೇ ಆಗಿದ್ದರಿಂದ ಈ ಹೂಟ ಹೊಳೆನರಸೀಪುರದ ನಮ್ಮ ಅಡುಗೆಮನೆಯಲ್ಲೇ ತಯಾರಾಯಿತು.

"ನೋಡೇ, ನಾನು ಏಳಿದ್ರೆ ಅವ್ರು ನೊಂದ್ಕೋತಾರೆ. ಲೆಕ್ಕ ಏಳಿದ್ರೆ ಯಾರು ನೊಂದ್ಕೋತಾರೆ?" ಎಂದರು ನಮ್ಮ ಮನೆಯವರು, ಮುದ್ದೆ ಮುರಿಯುತ್ತ.

"ಲೆಕ್ಕ ಹಾಕಿದೋಳ ಮೇಲೆ ನೊಂದ್ಕೋತಾರೆ" ಎಂದೆ.

"ನೀನೇನು ಅವ್ರ ಸ್ಟೂಡೆಂಟಾ? ನಿಂಗ್ಯಾಕೆ ಭಯ?"

ಅದು ನಿಜ. ತಂಡದಲ್ಲಿ ಹೆಚ್ಚುಕಡಿಮೆ ಎಲ್ಲರೂ ಅವರ ಶಿಷ್ಯರೇ. ನಾನು ಓದಿದ್ದು ಬಾಗೂರಿನಲ್ಲಿ. ನಮ್ಮ ಶಾಲೆಗೆ ಪಿ.ಟಿ. ಮೇಷ್ಟ್ರೇ ಇರಲಿಲ್ಲ. ಆ ಪಿರಿಯಡ್ಡಿಗೂ ಗಣಿತದವರೇ ಬಂದು ಲೆಕ್ಕ ಮಾಡಿಸುತ್ತಿದ್ದರು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವಳಾಗಿದ್ದೂ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವಳಾಗಿದ್ದೂ ಆ ಒಂದೇ ಕಾರಣಕ್ಕೆ ಎಂದು ನನ್ನ ನಂಬಿಕೆ.

ಆ ಹಿರಿಯರು ಮೂರು ತಾಲ್ಲೂಕುಗಳಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದವರು. ಅರವತ್ತೈದು ದಾಟಿದ್ದರೂ ಬಿಳಿ ಚಡ್ಡಿಯ ಇಸ್ತ್ರಿಯ ಗೆರೆ ಮುರಿಯದ ಹಾಗೆ ನಡೆಯುತ್ತಿದ್ದರು. ಊರಿಗೆ ಬ್ಯಾಸ್ಕೆಟ್‌ಬಾಲ್ ತಂದವರೇ ಅವರು. ಎರಡು ಕಂಬ ಹೂಳಿಸಿ, ಸಿಮೆಂಟು ಹಾಕಿಸಿ, ಒಂದು ತಲೆಮಾರಿಗೆ ಚೆಂಡು ಪುಟಿಸುವುದನ್ನು ಕಲಿಸಿದ್ದರು. ತಂಡದಲ್ಲಿ ಯಾರಿರಲಿ ಬಿಡಲಿ, ಪ್ರತಿ ಪಂದ್ಯದ ನಾಲ್ಕು ಕ್ವಾರ್ಟರುಗಳಲ್ಲಿ ಎರಡನೆಯದು ಮೇಷ್ಟ್ರದು. ಇದು ಯಾರೂ ಬರೆದಿಟ್ಟ ನಿಯಮವಲ್ಲ, ಮನೆಯಲ್ಲಿ ಅಜ್ಜನ ಕುರ್ಚಿ ಇರುತ್ತದಲ್ಲ ಹಾಗೆ. ಅವರು ಎದ್ದು ಶರ್ಟಿನ ತೋಳು ಮಡಿಸಿದರೆ ಯಾರಾದರೊಬ್ಬರು ಹೊರಗೆ ಬರುತ್ತಿದ್ದರು. ಆದರೆ ಈಚೆಗೆ ಅವರ ಮಂಡಿ ಮಾತಾಡಲು ಶುರುಮಾಡಿತ್ತು. ಓಡುವಾಗ ಅದರ ಸದ್ದು ನನಗೆ ಕಲ್ಲುಬೆಂಚಿನವರೆಗೂ ಕೇಳಿಸುತ್ತಿತ್ತು.

ಟೂರ್ನಿ ನಾಲ್ಕು ಊರಿನದು. ನಾವು, ಹಾಸನ, ಅರಕಲಗೂಡು, ಚನ್ನರಾಯಪಟ್ಟಣ. ಭಾನುವಾರಗಳಲ್ಲಿ ಪ್ರತಿ ತಂಡವೂ ಉಳಿದ ಮೂರರ ಜೊತೆ ತನ್ನೂರಲ್ಲೊಂದು, ಅವರೂರಲ್ಲೊಂದು ಪಂದ್ಯ ಆಡಬೇಕು. ಹೆಚ್ಚು ಗೆದ್ದ ಎರಡು ತಂಡಕ್ಕೆ ಫೈನಲ್. ನಮ್ಮ ಊರಿನ ಪಂದ್ಯ ಹೊತ್ತಿಗೆ ಸರಿಯಾಗಿ ಶುರುವಾಗುವ ಮಾತೇ ಇರಲಿಲ್ಲ. ಕೊಯ್ಲಾದ ಮೇಲೆ ಊರಿನಲ್ಲಿ ಎಲ್ಲಿ ಸಿಮೆಂಟು ಕಂಡರೆ ಅಲ್ಲಿ ಭತ್ತ ಹರವುತ್ತಾರೆ. ಮೊದಲು ಅದನ್ನು ಒಟ್ಟಿ, ಗುಡಿಸಿ, ಭತ್ತದ ಒಡತಿಯ ಬೈಗುಳ ತಿಂದು, ಆಮೇಲೆ ಆಟ. ಹೊರಗಿನ ತಂಡದವರು ಉಳಿದ ಕಾಳಿನ ಮೇಲೆ ಕಾಲಿಟ್ಟು ಜಾರಿದರೆ ನಮ್ಮವರು ಅದನ್ನು ತವರಿನ ಅನುಕೂಲ ಅನ್ನುತ್ತಿದ್ದರು.

ನನಗೆ ಆಟದ ಗಂಧಗಾಳಿ ಇರಲಿಲ್ಲ. ಚೆಂಡು ಬುಟ್ಟಿಯೊಳಗೆ ಬಿದ್ದರೆ ಚಪ್ಪಾಳೆ, ಅಷ್ಟು ಗೊತ್ತಿತ್ತು. ಲೆಕ್ಕ ಹಾಕಬೇಕಾದರೆ ಆಟ ತಿಳಿಯಬೇಕು ಎಂದೆ. "ಅದ್ಕೇನು, ಮೇಷ್ಟ್ರತ್ರ ಕಲ್ತ್ಕೋ" ಎಂದು ನಮ್ಮ ಮನೆಯವರು ಸಲೀಸಾಗಿ ಹೇಳಿಬಿಟ್ಟರು. ಯಾರನ್ನು ತೆಗೆದುಹಾಕಲು ನಾನು ಲೆಕ್ಕ ಹಾಕಬೇಕೋ ಅವರ ಮನೆಗೇ ಹೋಗಿ, ಅವರ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು, ಅವರಿಂದಲೇ ಪಾಠ ಹೇಳಿಸಿಕೊಂಡೆ. ಇಂಥ ಯೋಚನೆ ನಮ್ಮ ಮನೆಯವರ ತಲೆಗೆ ಮಾತ್ರ ಹೊಳೆಯುವುದು.

ಮೇಷ್ಟ್ರು ಊಟದ ಮೇಜಿನ ಮೇಲೆ ಸ್ಟೀಲ್ ಲೋಟಗಳನ್ನು ಜೋಡಿಸಿ ಪಾಠ ಮಾಡಿದರು. ದೊಡ್ಡ ಲೋಟ ನಮ್ಮ ದನದ ಡಾಕ್ಟರು, ಬುಟ್ಟಿಯ ಕೆಳಗೆ ನಿಲ್ಲುವವರು. ಉಪ್ಪಿನಕಾಯಿ ಭರಣಿ ತೆಂಗಿನಕಾಯಿ ಮಂಡಿಯ ಸಾಹುಕಾರರು, ಎಲ್ಲಿಂದ ಬೇಕಾದರೂ ಹೊಡೆಯುವವರು. ಚಮಚ ನಮ್ಮ ಮನೆಯವರು.

"ನೋಡಮ್ಮ, ಚೆಂಡು ಇಟ್ಕೊಂಡಿರೋನ್ನ ನೋಡೋದು ಎಲ್ಲಾರೂ ನೋಡ್ತಾರೆ. ಚೆಂಡಿಲ್ದೋನು ಎಲ್ಲವ್ನೆ ನೋಡು. ಆಟ ಅಲ್ಲಿರ್ತದೆ" ಎಂದರು. ಹುರಿಗಡಲೆ ಬಟ್ಟಲನ್ನು ನಿಧಾನವಾಗಿ ಜರುಗಿಸಿ, "ಇದು ನಾನು" ಎಂದು ನಕ್ಕರು.

ಅವರ ಹೆಂಡತಿ ಬಾಗಿಲಲ್ಲೇ ನಿಂತು, "ಇವ್ರಿಗೆ ವಾರ ಅಂದ್ರೆ ಭಾನ್ವಾರ ಒಂದೇ ಕಣಮ್ಮ. ಮಿಕ್ಕಿದ್ದೆಲ್ಲ ಕಾಯೋದು. ಆ ಆಟ ಒಂದ್ ನಿಂತ್ರೆ ನಾನ್ ಇವ್ರನ್ನ ಮನೇಲಿ ಎಂಗ್ ಇಟ್ಕೊಳನವ್ವ" ಎಂದರು. ತಮಾಷೆಗೆ ಹೇಳಿದ ಮಾತೇ. ನಾನು ಮಾತ್ರ ಮಜ್ಜಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಲೆಕ್ಕಕ್ಕೆ ಬರೋಣ. ಯಾರು ಎಷ್ಟು ಬುಟ್ಟಿ ಹಾಕಿದರು ಎಂದು ಎಣಿಸುವುದು ಹಳೆಯ ಕಾಲದ ಮಾತು. ಈಗಿನ ಪದ್ಧತಿಯಲ್ಲಿ ಪ್ಲಸ್-ಮೈನಸ್ ಎಂದು ಒಂದಿದೆ. ಒಬ್ಬ ಆಟಗಾರ ಕೋರ್ಟಿನಲ್ಲಿ ಇದ್ದಷ್ಟು ಹೊತ್ತು ನಮ್ಮ ತಂಡ ಗಳಿಸಿದ ಅಂಕದಲ್ಲಿ, ಎದುರಿನವರಿಗೆ ಬಿಟ್ಟುಕೊಟ್ಟದ್ದನ್ನು ಕಳೆಯಬೇಕು. ಉಳಿದದ್ದು ಅವನ ನಂಬರು. ಅವನು ಚೆಂಡು ಮುಟ್ಟಿರಲಿ, ಮುಟ್ಟದಿರಲಿ. ನಮ್ಮತ್ತೆಗೆ ಇದನ್ನು ಹೀಗೆ ಬಿಡಿಸಿ ಹೇಳಿದೆ: "ಅತ್ತೆ, ನೀವು ಅಡುಗೆಮನೇಲಿ ಕೈಕಟ್ಟಿ ನಿಂತಿದ್ರೂ ಸಾರು ರುಚಿಯಾಗತ್ತೆ, ನೀವಿಲ್ಲದ ದಿನ ಹಾಳಾಗತ್ತೆ ಅಂದ್ರೆ ನಿಮ್ಮದು ಪ್ಲಸ್ಸು."

"ಅದ್ಕೆ ಲೆಕ್ಕ ಬ್ಯಾರೆ ಆಕ್ಬೇಕಾ? ನಾನು ಬಾಯಲ್ಲೇ ಏಳ್ತಿರ್ನಿಲ್ವಾ ಇಷ್ಟು ವರ್ಷದಿಂದ" ಎಂದರು ಅತ್ತೆ.

ನಾನು ಹಾಳೆ, ಪೆನ್ನು, ಫೋನು ಹಿಡಿದು ಕೋರ್ಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಕೂರಲು ಶುರುಮಾಡಿದೆ. ಯಾರು ಒಳಗೆ, ಯಾರು ಹೊರಗೆ, ಆಗ ಅಂಕ ಎಷ್ಟು, ಎಲ್ಲಾ ಬರೆದೆ. ಎರಡು ಭಾನುವಾರ ಕಳೆಯುವಷ್ಟರಲ್ಲಿ ತಂಡಕ್ಕೆ ಹೊಸ ಕಾಯಿಲೆ ಅಂಟಿತು. ಬೆಳಿಗ್ಗೆ ಹಾಲು ಕಾಯಿಸುವಾಗ ಫೋನು. "ಮೇಡಮ್, ನಂದು ಎಷ್ಟು?" ದನದ ಡಾಕ್ಟರು ಪಂದ್ಯದ ನಡುವೆ ಎಮ್ಮೆ ಕರು ಹಾಕುತ್ತಿದೆ ಎಂದು ಫೋನು ಬಂದು ಓಡಿಹೋಗಿದ್ದರು. ಅವರು ಹೋದ ಮೇಲೆ ನಾವು ಸೋತದ್ದರಿಂದ ಅವರ ನಂಬರು ಚೆನ್ನಾಗಿ ಬಂದಿತ್ತು. ಅವರು ಆ ಎಮ್ಮೆಯನ್ನು ಬಹಳ ದಿನ ನೆನೆದರು.

ಕಾಯಿ ಮಂಡಿಯ ಸಾಹುಕಾರರದು ಬೇರೆ ಕಥೆ. ಅಂಕ ಅವರದೇ ಹೆಚ್ಚು, ಸರಿ. ಆದರೆ ಹೊಡೆದದ್ದೆಷ್ಟು, ಬಿದ್ದದ್ದೆಷ್ಟು ಎಂದು ತೂಗಿದರೆ, ದೂರದ ಹೊಡೆತಕ್ಕೆ ಹೆಚ್ಚು ಬೆಲೆ ಕೊಟ್ಟರೂ, ಅವರು ಚೆಂಡು ಹಾಳುಮಾಡುವುದರಲ್ಲಿ ಎಲ್ಲರಿಗಿಂತ ಮುಂದಿದ್ದರು. ಹೇಳಿದೆ. ಮುಖ ಊದಿಸಿಕೊಂಡರು.

"ಮೇಡಮ್, ಲೋಡ್ ಕಾಯಿ ತಂದ್ರೆ ಅದ್ರಲ್ಲಿ ಒಡ್ಕಲೂ ಇರ್ತವೆ. ಅದ್ಕೆ ಯಾಪಾರ ಬುಡಕಾಯ್ತದಾ?"

"ಲೋಡೆಲ್ಲ ಒಡಕಲಾದ್ರೆ ಬಿಡಬೇಕು ಸಾಹುಕಾರ್ರೆ" ಎಂದೆ. ಮಾತಿಗೆ ಮಾತು ಕೊಡುವ ಚಟ ನನಗೆ ಮೊದಲಿನಿಂದಲೂ ಇದೆ. ಆ ವಾರದಿಂದ ಅವರ ಮಂಡಿಯಿಂದ ನಮ್ಮ ಮನೆಗೆ ಬರುತ್ತಿದ್ದ ಕಾಯಿ ನಿಂತಿತು. ಅತ್ತೆ ನನ್ನ ಪ್ಲಸ್-ಮೈನಸ್ ಏನೆಂದು ಆ ದಿನ ಚಟ್ನಿಯಿಲ್ಲದ ದೋಸೆ ಮುಂದಿಟ್ಟುಕೊಂಡು ಹೇಳಿದರು.

ಇದರ ಫಲ ಅರಕಲಗೂಡಿನವರು ನಮ್ಮೂರಿಗೆ ಬಂದಾಗ ಕಂಡಿತು. ಬುಟ್ಟಿ ತಪ್ಪಿದರೆ ನಂಬರು ಕೆಡುತ್ತದೆಂದು ನಮ್ಮವರಲ್ಲಿ ಒಬ್ಬರೂ ಚೆಂಡು ಎಸೆಯಲೊಲ್ಲರು. ಬೀಗರೂಟದಲ್ಲಿ ಕೊನೆಯ ಹೋಳಿಗೆಯನ್ನು ದಾಟಿಸುವ ಹಾಗೆ 'ನೀವು, ನೀವು' ಎಂದು ಚೆಂಡು ಕೈಯಿಂದ ಕೈಗೆ ಹೋಯಿತು. ಸಾಹುಕಾರರು ಚೆಂಡು ಹಿಡಿದು, ಬುಟ್ಟಿ ನೋಡಿ, ನನ್ನ ಕಡೆ ನೋಡಿ, ನಿಟ್ಟುಸಿರು ಬಿಟ್ಟು ಡಾಕ್ಟರಿಗೆ ಕೊಟ್ಟರು. ನೋಡಲು ಬಂದ ಜನ ಕೂಗಿ ಕೂಗಿ ಸುಸ್ತಾದರು. ಎರಡನೇ ಕ್ವಾರ್ಟರಿಗೆ ಮೇಷ್ಟ್ರು ತೋಳು ಮಡಿಸಿ ಇಳಿದರು. ಅವರಿಗೆ ನಂಬರಿನ ಭಯ ಇರಲಿಲ್ಲ. ನಡೆದುಕೊಂಡು ಹೋಗಿ ಬುಟ್ಟಿ ಹಾಕಿದರು. ಮತ್ತೆ ಹೋದರು, ಮತ್ತೆ ಹಾಕಿದರು. ನಾನು ತಲೆ ಬಗ್ಗಿಸಿ ಬರೆಯುತ್ತಿದ್ದೆ. ಹಾಳೆ ಬಿಟ್ಟು ತಲೆ ಎತ್ತಿ ನೋಡಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಟೂರ್ನಿಯ ಅರ್ಧ ಮುಗಿದಾಗ ಲೆಕ್ಕ ಒಟ್ಟು ಹಾಕಿದೆ. ಮೇಷ್ಟ್ರ ಪ್ಲಸ್ಸು ತಂಡದಲ್ಲೇ ಎಲ್ಲರಿಗಿಂತ ಮೇಲಿತ್ತು. ಕೂಡಿಸುವುದರಲ್ಲಿ ತಪ್ಪಿರಬೇಕೆಂದು ಮತ್ತೆ ಕೂಡಿಸಿದೆ. ಚೆನ್ನಾಗಿ ಆಡುವವರ ಜೊತೆಗೇ ಇಳಿಯುತ್ತಾರೇನೋ, ಎದುರಿನ ಒಳ್ಳೆಯ ಆಟಗಾರರು ಆಗ ಸುಧಾರಿಸಿಕೊಳ್ಳುತ್ತಾರೇನೋ ಎಂದು ಜೊತೆಗಿದ್ದವರು, ಎದುರಿಗಿದ್ದವರು ಎಲ್ಲರನ್ನೂ ಸೇರಿಸಿ ತೂಗಿದೆ. ಪ್ಲಸ್ಸು ಕರಗಲಿಲ್ಲ, ಇನ್ನಷ್ಟು ಗಟ್ಟಿಯಾಯಿತು. ಮಂಡಿ ಮಾತಾಡುವ ಮನುಷ್ಯ ಎದುರಾಳಿಗಳಿಗೆ ಬುಟ್ಟಿ ಹಾಕಲೇ ಬಿಡುತ್ತಿರಲಿಲ್ಲ ಅನ್ನುತ್ತಿತ್ತು ಲೆಕ್ಕ.

ನನಗೆ ಎಷ್ಟು ಹಿಗ್ಗಾಯಿತೆಂದರೆ ಹೇಳತೀರದು. ಅವರನ್ನು ತೆಗೆಯಲು ಕರೆದವರಿಗೆ ಸರಿಯಾದ ಶಾಸ್ತಿ ಆಯಿತು ಎಂದುಕೊಂಡೆ. ತಂಡದ ವಾಟ್ಸಾಪ್ ಗುಂಪಿಗೆ ದೊಡ್ಡ ಅಕ್ಷರದಲ್ಲಿ ಹಾಕಿದೆ. ಆಮೇಲೆ ಒಬ್ಬೊಬ್ಬರಾಗಿ ಕೈಮುಗಿಯುವ ಚಿತ್ರ ಕಳಿಸಿದರು. ಸಾಹುಕಾರರಂತೂ "ಗುರುಗಳು ಗುರುಗಳೇ" ಎಂದು ಬರೆದು, ಮರುದಿನ ನಮ್ಮ ಮನೆಗೆ ಒಂದು ಚೀಲ ಕಾಯಿ ಕಳಿಸಿದರು. ಅವರ ನಂಬರು ಮುಚ್ಚಿಹೋಯಿತಲ್ಲ, ಆ ಸಂತೋಷಕ್ಕೆ.

"ನಿನ್ನ ಯಾತಕ್ಕೆ ಕರೆದ್ವಿ, ನೀನ್ ಏನ್ ಮಾಡ್ದೆ" ಎಂದು ನಮ್ಮ ಮನೆಯವರು ತಲೆ ಮೇಲೆ ಕೈಹೊತ್ತರು.

ಮೇಷ್ಟ್ರು ಮರುದಿನ ಮನೆಗೇ ಬಂದರು. ಆ ಹಾಳೆಯ ಪ್ರಿಂಟ್ ಕೇಳಿ ಇಸಿದುಕೊಂಡು ಹೋದರು. ಮುಂದೆ ಅವರ ಮನೆಗೆ ಹೋದಾಗ ನೋಡುತ್ತೇನೆ, ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿ ನಡುಮನೆಯ ಗೋಡೆಗೆ, ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದಾರೆ. ಹೊಸ ಶೂ ತಂದಿದ್ದರು. ಬೆಳಗಿನ ಹೊತ್ತು ಹೊಳೆಯ ದಂಡೆಯಲ್ಲಿ ಓಡಲೂ ಶುರುಮಾಡಿದ್ದರು. ಕ್ಷೌರದಂಗಡಿಯವರು, ಸೊಪ್ಪಿನ ಅಂಗಡಿಯವರು, ನಮ್ಮ ಕಾಲೇಜಿನ ಜವಾನರು, ಎಲ್ಲರಿಗೂ ಮೇಷ್ಟ್ರ ಪ್ಲಸ್ಸಿನ ಸುದ್ದಿ ಗೊತ್ತಿತ್ತು. ಎರಡನೇ ಕ್ವಾರ್ಟರಿನ ಜೊತೆಗೆ ಮೂರನೆಯದೂ ಅವರದಾಯಿತು. ನಾವು ಗೆಲ್ಲುತ್ತಲೂ ಹೋದೆವು.

ಚನ್ನರಾಯಪಟ್ಟಣದ ಪಂದ್ಯದ ದಿನ ನನ್ನ ಪೆನ್ನು ಕೈಕೊಟ್ಟಿತು. ಇನ್ನೊಂದು ಸಿಗುವವರೆಗೆ ಬೇರೆ ಕೆಲಸವಿಲ್ಲದೆ ಆಟ ನೋಡಿದೆ. ಮೇಷ್ಟ್ರು ಚೆಂಡು ಪುಟಿಸುತ್ತ ಬರುತ್ತಿದ್ದರು. ಎದುರಿಗೆ ಆರಡಿ ಎತ್ತರದ, ಎಮ್ಮೆ ಕಟ್ಟಿಹಾಕುವಂಥ ತೋಳಿನ ಒಬ್ಬ. ಅವನು ಚೆಂಡಿಗೆ ಕೈ ಚಾಚಿದ. ಚಾಚಿದವನು ಹಾವು ಕಂಡವನ ಹಾಗೆ ಕೈ ಹಿಂದಕ್ಕೆಳೆದುಕೊಂಡು, "ಬನ್ನಿ ಸಾ, ನಿಧಾನ ಸಾ, ಮಂಡಿ ಉಷಾರು" ಎಂದು ದಾರಿ ಬಿಟ್ಟ. ಇನ್ನೊಬ್ಬ ಬಾಯಲ್ಲಿದ್ದ ಗುಟ್ಕಾವನ್ನು ಅವಸರದಲ್ಲಿ ಉಗಿದು ಬಾಯಿ ಒರೆಸಿಕೊಂಡ. ಅವರ ಕ್ಯಾಪ್ಟನ್ನು ಚೆಂಡು ಹಿಡಿದು ನಮ್ಮ ಬುಟ್ಟಿಯ ಕಡೆ ಓಡಿಬರುತ್ತಿದ್ದವರು ಮೇಷ್ಟ್ರು ಅಡ್ಡ ನಿಂತದ್ದೇ ತಡ, ಚೆಂಡನ್ನು ಪಕ್ಕದವರಿಗೆ ದಾಟಿಸಿ ತಾವು ಕಂಬದ ಹಿಂದೆ ಹೋದರು. ಇಡೀ ತಂಡ ಮೇಷ್ಟ್ರ ಸುತ್ತ ಒಂದು ಅಂಗಳದಷ್ಟು ಜಾಗ ಬಿಟ್ಟು ಆಡುತ್ತಿತ್ತು.

ಆಟ ಮುಗಿದು ಟೀ ಕುಡಿಯುವಾಗ ಆ ಆರಡಿಯವರನ್ನು ಹಿಡಿದುಕೊಂಡೆ. "ಅಷ್ಟು ಸಲೀಸಾಗಿ ಇತ್ತಲ್ಲ, ಯಾಕ್ರೀ ಚೆಂಡು ಕಿತ್ಕೊಳ್ಳಲಿಲ್ಲ?"

ಆತ ನಾನೇನೋ ಕೆಟ್ಟ ಮಾತಾಡಿದೆ ಅನ್ನುವಂತೆ ನೋಡಿದ. "ಅವ್ರ ಕೈಯಿಂದಾನಾ? ಎಂಗ್ ಮೇಡಮ್ ಕಿತ್ಕೊಳಾದು? ಅವ್ರೇ ಅಲ್ವಾ ನಂಗೆ ಚೆಂಡು ಇಡ್ಯಾಕ್ ಕಲ್ಸಿದ್ದು. ನಮ್ಮೂರ್ ಐಸ್ಕೂಲಲ್ಲಿದ್ದಾಗ ನನ್ ಫೀಸೂ ಅವ್ರೇ ಕಟ್ಟವ್ರೆ."

"ಅರಕಲಗೂಡಿನವರೂ ಹೀಗೇನಾ?"

"ಅಲ್ಲೂ ಇದ್ರಲ್ಲ ಮೇಡಮ್ ಮೇಷ್ಟ್ರು, ಇಲ್ಲಿಗೆ ವರ್ಗ ಆಗಾಕ್ ಮುಂಚೆ."

ನಾನು ಅಲ್ಲೇ ಹಾಳೆಗಳನ್ನು ಬಿಡಿಸಿದೆ. ಜೊತೆಗಿದ್ದವರನ್ನು ತೂಗಿದ್ದೆ, ಎದುರಿಗಿದ್ದವರನ್ನು ತೂಗಿದ್ದೆ. ಸರ್ಕಾರ ಮೇಷ್ಟ್ರನ್ನು ಎಲ್ಲೆಲ್ಲಿಗೆ ವರ್ಗ ಮಾಡಿತ್ತು ಎಂಬುದನ್ನು ತೂಗಿರಲಿಲ್ಲ. ಪ್ರಪಂಚದ ಯಾವ ಪುಸ್ತಕದಲ್ಲೂ ಅದಕ್ಕೆ ಸೂತ್ರವಿಲ್ಲ. ಅವರು ಕೆಲಸ ಮಾಡದೆ ಉಳಿದ ಊರು ಹಾಸನ ಒಂದೇ. ಹಾಸನದ ವಿರುದ್ಧ ಅವರ ನಂಬರು ಎಷ್ಟೆಂದು ಹುಡುಕಿದರೆ ಅಲ್ಲಿ ಏನೂ ಇಲ್ಲ. ಆ ಎರಡೂ ಭಾನುವಾರ ಮೇಷ್ಟ್ರು ಹಳೆಯ ಶಿಷ್ಯರ ಮನೆಯ ಮದುವೆಗಳಿಗೆ ಹೋಗಿದ್ದರು.

ಫೈನಲ್ಲಿಗೆ ಬಂದದ್ದು ನಾವು ಮತ್ತು ಹಾಸನ.

ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. "ಊಂ, ಮುಟ್ಟಲ್ಲ ಅವ್ರನ್ನ. ನಾನೂ ಎದುರಿಗಿದ್ರೆ ಮುಟ್ಟಲ್ಲ" ಎಂದರು.

"ಮತ್ತೆ ನಂಗ್ಯಾಕ್ರೀ ಹೇಳಲಿಲ್ಲ!"

"ನೀನು ಅದೆಲ್ಲ ಸೇರ್ಸೇ ಲೆಕ್ಕ ಆಕಿದೀಯ ಅನ್ಕೊಂಡೆ."

ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಸೌಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹಾಸನದ ಹುಡುಗರು ಎಂಜಿನಿಯರಿಂಗ್ ಓದುವವರು, ಗಾಳಿಯ ಹಾಗೆ ಓಡುವವರು. ಅವರಿಗೆ ಮೇಷ್ಟ್ರು ಅಂದರೆ ಬಿಳಿ ಚಡ್ಡಿ ಹಾಕಿಕೊಂಡ ಯಾರೋ ಒಬ್ಬ ಅಜ್ಜ. ಊರೆಲ್ಲ ನೋಡುತ್ತಿರುವಾಗ ಆ ಮನುಷ್ಯನ ಕೈಯಿಂದ ಚೆಂಡು ಹೋಗಿ, ಹೋಗಿ, ಹೋಗಿ, ಗೋಡೆಯ ಮೇಲಿನ ಲ್ಯಾಮಿನೇಶನ್ ಸುಳ್ಳಾಗುತ್ತದೆ. ಅದಕ್ಕೆ ಮೊದಲೇ ಯಾರಾದರೂ ಹೇಳಬೇಕು.

"ನೀನೇ ಓಗು. ನೀನು ಅವ್ರ ಸ್ಟೂಡೆಂಟ್ ಅಲ್ವಲ್ಲ" ಎಂದರು ನಮ್ಮ ಮನೆಯವರು ಮತ್ತೆ.

ಹೋದೆ. ಮೇಷ್ಟ್ರು ಹೊಸ ಶೂಗೆ ಬಿಳಿ ಪಾಲಿಶು ಹಚ್ಚುತ್ತಿದ್ದರು. "ಬಾರಮ್ಮ, ಬಾ. ಆಸನದವ್ರನ್ನ ಎಂಗ್ ಕಟ್ಟಾಕೋದು ಅಂತ ಯೋಚ್ನೆ ಮಾಡೀನಿ" ಎಂದು ಲೋಟಗಳನ್ನು ಹರಡಿದರು. ನಾನು, "ಸಾ, ಆ ಲೆಕ್ಕದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ" ಎಂದು ಶುರುಮಾಡಿದೆ.

"ಬುಡಮ್ಮ, ಎಂಥಾ ದೊಡ್ಡ ಲೆಕ್ಕದಲ್ಲೂ ಒಂದೆರಡು ಬುಟ್ಟೋಗ್ತವೆ" ಎಂದು ನನಗೇ ಸಮಾಧಾನ ಹೇಳಿದರು. "ಈಗ ನೋಡು, ಈ ಲೋಟ ಇಲ್ಲಿಂದ ಬತ್ತದೆ ಅನ್ಕೋ. ಆಗ ಡಾಕ್ಟ್ರು ಎಲ್ಲಿರ್ಬೇಕು? ಏಳು."

ನಾನು ದೊಡ್ಡ ಲೋಟವನ್ನು ಎಡಕ್ಕೆ ಜರುಗಿಸಿದೆ.

"ಬಲಕ್ಕೆ! ಎಷ್ಟು ಸಲ ಏಳ್ಕೊಟ್ಟೀನಿ?" ಎಂದು ಗದರಿದರು. ನಾನು ಪಟ್ಟನೆ ಬೆನ್ನು ನೆಟ್ಟಗೆ ಮಾಡಿ ಕೂತು, "ಸಾರಿ ಸಾ" ಎಂದೆ. ಅಂದಮೇಲೆ ಗೊತ್ತಾಯಿತು, ಆ ಟೇಬಲ್ಲಿನಲ್ಲಿ ಅಷ್ಟು ದಿನ ಲೋಟ ಜರುಗಿಸಿ ಜರುಗಿಸಿ ನಾನೂ ಅವರ ಸ್ಟೂಡೆಂಟೇ ಆಗಿಬಿಟ್ಟಿದ್ದೆ. ಇನ್ನು ಹೇಳುವ ಬಾಯಿ ನನಗೂ ಇರಲಿಲ್ಲ. ಅವರ ಹೆಂಡತಿ ಕೊಟ್ಟ ಕರಿಬೇವು ಹಿಡಿದುಕೊಂಡು ಮನೆಗೆ ಬಂದೆ.

ಫೈನಲ್ ನಮ್ಮೂರಲ್ಲೇ. ಭತ್ತದ ಒಡತಿ ಆ ದಿನ ತಾನೇ ಭತ್ತ ಒಟ್ಟಿ, ತಾನೇ ಗುಡಿಸಿ, ಮುಂದಿನ ಸಾಲಿನಲ್ಲಿ ಕೂತಿದ್ದಳು. ಅರಕಲಗೂಡು, ಚನ್ನರಾಯಪಟ್ಟಣದವರೂ ನೋಡಲು ಬಂದಿದ್ದರು. ಮೇಷ್ಟ್ರ ಹೆಂಡತಿ ಮೊದಲ ಸಲ ಆಟ ನೋಡಲು ಬಂದು ನನ್ನ ಪಕ್ಕ ಕೂತರು. ಮೊದಲನೇ ಕ್ವಾರ್ಟರು ಸಮಸಮವಾಗಿ ಮುಗಿಯಿತು. ಮೇಷ್ಟ್ರು ಎದ್ದು ತೋಳು ಮಡಿಸಿದರು. ಊರಿಗೆ ಊರೇ ಚಪ್ಪಾಳೆ ಹೊಡೆಯಿತು.

ಮೇಷ್ಟ್ರು ಚೆಂಡು ಪುಟಿಸುತ್ತ ಹೊರಟು ನಾಲ್ಕು ಹೆಜ್ಜೆಯೂ ಆಗಿರಲಿಲ್ಲ. ಹಾಸನದ ಒಬ್ಬ ಗುಂಗುರು ಕೂದಲಿನ ಹುಡುಗ ಬಂದ, ಕೈ ಹಾಕಿದ, ಚೆಂಡು ತೆಗೆದುಕೊಂಡು ಹೋಗಿ ನಮ್ಮ ಬುಟ್ಟಿಗೆ ಹಾಕಿದ. ಚನ್ನರಾಯಪಟ್ಟಣದ ಆರಡಿಯ ಮನುಷ್ಯ ಕೂತಲ್ಲೇ "ಅಯ್ಯಯ್ಯೋ" ಎಂದ. ಮೇಷ್ಟ್ರು ಖಾಲಿ ಕೈ ನೋಡಿಕೊಂಡರು, ಬಸ್ಸಿಳಿದ ಮೇಲೆ ಚೀಲ ಒಳಗೇ ಉಳಿಯಿತೆಂದು ಗೊತ್ತಾದವರ ಹಾಗೆ.

ನಮ್ಮ ಮನೆಯವರಿಗೆ ತಡೆಯಲಾಗಲಿಲ್ಲ. ಆ ಹುಡುಗನ ಪಕ್ಕಕ್ಕೆ ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ನನಗೆ ಒಪ್ಪಿಕೊಂಡರು, "ಅವ್ರು ನಮ್ ಮೇಷ್ಟ್ರು ಕಣಪ್ಪ, ಒಸಿ ನೋಡ್ಕೊಂಡ್ ಆಡು" ಎಂದಿದ್ದರಂತೆ. ಹುಡುಗ ಒಳ್ಳೆಯ ಮನೆಯವನು. ಮುಂದಿನ ಸಲ ಮೇಷ್ಟ್ರು ಚೆಂಡು ತಂದಾಗ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಡ್ರಿಲ್ಲಿನಲ್ಲಿ ವಿಶ್ರಾಮಕ್ಕೆ ನಿಂತವನ ಹಾಗೆ ಪಕ್ಕಕ್ಕೆ ಸರಿದು ನಿಂತ. ಮೇಷ್ಟ್ರು ಬುಟ್ಟಿ ಹಾಕಿದರು. ಜನ ಎದ್ದು ಕೂಗಿತು.

ಮೇಷ್ಟ್ರು ಕೂಗಿಗೆ ತಿರುಗಲಿಲ್ಲ. ಹುಡುಗನ ಕಟ್ಟಿದ ಕೈಗಳನ್ನು ನೋಡಿದರು. ನಮ್ಮ ಮನೆಯವರನ್ನು ನೋಡಿದರು. ನಮ್ಮ ಮನೆಯವರು ಮಂಗನ ಹಾಗೆ ಆಕಾಶ ನೋಡಿದರು. ಮೇಷ್ಟ್ರು ನೋಡಲು ಬಂದಿದ್ದ ಅರಕಲಗೂಡಿನವರ ಕಡೆ, ಚನ್ನರಾಯಪಟ್ಟಣದವರ ಕಡೆ ನಿಧಾನವಾಗಿ ತಿರುಗಿದರು. ಒಬ್ಬೊಬ್ಬರೂ ತಲೆ ತಗ್ಗಿಸಿದರು. ರೆಫರಿಗೆ ಕೈ ಎತ್ತಿ ಆಟ ನಿಲ್ಲಿಸಿ, ನೇರವಾಗಿ ಕಲ್ಲುಬೆಂಚಿಗೆ, ನನ್ನ ಹತ್ತಿರ ಬಂದರು.

"ಎಲ್ಲಾ ಕಡೇನೂ ಇಂಗೇನಾ ಮಾಡಿದ್ದು ಇವ್ರು?"

ನನಗೆ ಸುಳ್ಳು ಹೇಳುವ ಮನಸ್ಸು ಬಹಳ ಇತ್ತು. ಅವರ ಹೆಂಡತಿ ಪಕ್ಕದಲ್ಲೇ ಇದ್ದರು.

"ಹೌದು ಸಾ" ಎಂದೆ.

ಮೇಷ್ಟ್ರ ಮುಖ ನೋಡಲಾಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಶೂವಿನ ದಾರ ಬಿಚ್ಚಿ ಬಿಗಿಯಾಗಿ ಕಟ್ಟಿಕೊಂಡು ವಾಪಸು ಹೋದರು. ಗುಂಗುರು ಕೂದಲಿನವನ ಎದುರು ನಿಂತು, ಮೂರು ತಾಲ್ಲೂಕಿಗೆ ಪರಿಚಯವಿದ್ದ ಆ ದನಿಯಲ್ಲಿ ಕೂಗಿದರು: "ಲೇ! ಕೈ ಮುಂದಕ್ ತಗೊಳ್ಳಾ! ಆಗ್ ಕಿತ್ಕಂಡ್ಯಲ್ಲ, ಅಂಗೇ ಕಿತ್ಕೋ. ಇಲ್ಲಾಂದ್ರೆ ಗ್ರೌಂಡ್ ಸುತ್ತ ಓಡುಸ್ಬುಡ್ತೀನಿ, ಯಾರ್ ಮಗ ಅಂತ ನೋಡಾಕಿಲ್ಲ!"

ಹಾಸನದ ಹುಡುಗ ಕೈ ಮುಂದೆ ತಂದ. ನಮ್ಮ ಊರಿನ ಅರ್ಧ ಗಂಡಸರೂ ಕೂತಲ್ಲೇ ಕೈ ಮುಂದೆ ತಂದುಕೊಂಡರು.

ಆಮೇಲೆ ನಡೆದದ್ದು ನಿಜವಾದ ಆಟ. ಹುಡುಗ ಚೆಂಡು ಕಿತ್ತುಕೊಂಡ. ಮತ್ತೆ ಕಿತ್ತುಕೊಂಡ. ಒಂದು ಸಲ ಮೇಷ್ಟ್ರ ಹೊಡೆತವನ್ನು ಗಾಳಿಯಲ್ಲೇ ಹೊಡೆದು ಕೆಡವಿದ. ಅವರ ಹೆಂಡತಿ ನನ್ನ ಮೊಣಕೈ ಹಿಡಿದುಕೊಂಡರು. ಮೇಷ್ಟ್ರಿಗೆ ಉಸಿರು ಸಾಲುತ್ತಿರಲಿಲ್ಲ, ಆದರೆ ಮುಖದ ಮೇಲೆ ಬೇರೇನೋ ಬರುತ್ತಿತ್ತು. ಕ್ವಾರ್ಟರಿನ ಕೊನೆಗೆ ಬುಟ್ಟಿಯ ಎಡಕ್ಕೆ ಚೆಂಡು ಹಿಡಿದು ನಿಂತರು. ಬಲಕ್ಕೆ ಹೋಗುವವರ ಹಾಗೆ ಭುಜ ತೋರಿಸಿದರು. ಹುಡುಗ ಬಲಕ್ಕೆ ಜಿಗಿದ. ಅವನು ಗಾಳಿಯಲ್ಲಿರುವಾಗ ಮೇಷ್ಟ್ರು ಎಡದಿಂದ ಒಂದು ಹೆಜ್ಜೆ ಇಟ್ಟು, ಹಲಗೆಗೆ ತಾಗಿಸಿ ಚೆಂಡು ಬಿಟ್ಟರು. ಬಿತ್ತು. ಹುಡುಗ ಕೆಳಗಿಳಿದು, ಹಾಗೇ ನಿಂತು, "ಸಕ್ಕತ್ ಸಾರ್" ಎಂದ.

ಮೇಷ್ಟ್ರು ತಾವೇ ಕೈ ಎತ್ತಿ ಬದಲಿ ಕೇಳಿದರು. ಮೂರನೇ ಕ್ವಾರ್ಟರಿಗೆ ಅವರು ತೋಳು ಮಡಿಸಲಿಲ್ಲ. ಮಡಿಸಿದ್ದ ತೋಳನ್ನು ಬಿಡಿಸಿ ಗುಂಡಿ ಹಾಕಿಕೊಂಡು ನನ್ನ ಪಕ್ಕ ಬಂದು ಕೂತರು. ಅವರ ಹೆಂಡತಿ ನೀರಿನ ಬಾಟಲಿ ಕೊಟ್ಟರು. ಪಂದ್ಯವನ್ನು ಕೊನೆಗೆ ಹಾಸನವೇ ಗೆದ್ದಿತು, ಆ ವಿಷಯ ಈಗ ಮುಖ್ಯವಲ್ಲ.

"ಎಷ್ಟಾಯ್ತಮ್ಮ ನಂದು?" ಎಂದರು ಮೇಷ್ಟ್ರು, ಆಟ ಇನ್ನೂ ನಡೆಯುತ್ತಿರುವಾಗಲೇ.

"ಮೈನಸ್ ಏಳು ಸಾ."

"ಬರ್ದಿದ್ಯಾ?"

"ಬರ್ದಿದೀನಿ ಸಾ." ಸಮಾಧಾನಕ್ಕೆಂದು, "ನೀವು ಹಾಕಿದ ಬುಟ್ಟಿ ಎರಡು ಸಾ, ಅದೂ ಬರೆದಿದೀನಿ" ಎಂದೆ.

"ಎರಡಲ್ಲ. ಒಂದು."

"ಬೋರ್ಡಿನಲ್ಲಿ ಎರಡಿದೆ ಸಾ."

"ಬೋರ್ಡಲ್ಲಿರ್ಲಿ. ನಿನ್ ಲೆಕ್ಕದಲ್ಲಿ ಮೊದಲ್ನೇದ್ ಒಡ್ದಾಕು" ಎಂದರು. ಹೊಡೆದುಹಾಕುವವರೆಗೂ ಪೆನ್ನನ್ನೇ ನೋಡುತ್ತ ಕೂತಿದ್ದರು. ನಾನು ಅಡ್ಡಗೆರೆ ಎಳೆದೆ. ಮೈನಸ್ ಒಂಬತ್ತಾಯಿತು. ಮೇಷ್ಟ್ರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಉಳಿದ ಆ ಒಂದು ಬುಟ್ಟಿಯ ಮೇಲೆ ಬೆರಳಿಟ್ಟು, "ಇದು ನಂದು" ಎಂದು ಹೆಂಡತಿಗೆ ತೋರಿಸಿದರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ನನ್ನೇನ್ ನೋಡೀಯಮ್ಮ, ಆಟ ನೋಡು" ಎಂದು ಗದರಿದರು. "ಆ ರಿಬೌಂಡ್ ಡಾಕ್ಟ್ರುದು. ಬರ್ಕೋ."

"ಸಾರಿ ಸಾ" ಎಂದು ಬರೆದುಕೊಂಡೆ.